ರಾಗಿ, ಬೆಲ್ಲ, ಶುಗರ್: ಎಲ್ಲರ ಗಮನಕ್ಕೆ

"ರಾಗಿ ತಾನೇ, ಎಷ್ಟು ತಿಂದರೂ ನಡೆಯುತ್ತೆ" ಅಂತ ನಮ್ಮ ಶುಗರ್ ಕಾಯಿಲೆಯವರ ಗುಂಪಿನಲ್ಲಿ ಪದೇ ಪದೇ ಬರ್ತಿದೆ. ನಡೆಯಲ್ಲ. 100 ಗ್ರಾಂ ರಾಗಿಹಿಟ್ಟಿನಲ್ಲೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ನುಣ್ಣಗೆ ಬೀಸಿದ ಹಿಟ್ಟನ್ನು ತೆಳ್ಳಗೆ ಕಾಸಿ, ಬೆಲ್ಲ ಹಾಕಿ ಗಟಗಟ ಕುಡಿದರೆ ಗ್ಲೂಕೋಸ್ ಬೇಗ ರಕ್ತಕ್ಕಿಳಿಯುತ್ತೆ, ಇನ್ಸುಲಿನ್ ಒಮ್ಮೆಲೇ ಏರಬೇಕಾಗುತ್ತೆ. ಮುದ್ದೆಯಾದರೆ ಚಿಕ್ಕದೊಂದು ಸಾಕು. ಮೊದಲು ಪಲ್ಯ, ಕಾಳು ತಿಂದು ಆಮೇಲೆ ಮುದ್ದೆ ಮುಟ್ಟಿ. ಏರಿಕೆ ನಿಧಾನವಾಗುತ್ತೆ.

ಬೆಲ್ಲವೂ ಬಹುಪಾಲು ಸಕ್ಕರೆಯೇ. ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸ್ ಮನೆಯಲ್ಲಿ ಶುಗರ್ ನೋಡುವ ಮೀಟರಿನಲ್ಲಿ ಅಷ್ಟಾಗಿ ಕಾಣಲ್ಲ, ಇನ್ಸುಲಿನ್ನನ್ನೂ ಹೆಚ್ಚು ಕೆಣಕಲ್ಲ, ಆದರೆ ಅತಿಯಾದರೆ ಲಿವರಿನಲ್ಲಿ ಕೊಬ್ಬಾಗುತ್ತೆ.

ನಿಮಗೆ ಯಾವುದು ಒಗ್ಗುತ್ತೆ ಅಂತ ಮೀಟರನ್ನೇ ಕೇಳಿ: ಊಟಕ್ಕೆ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು ಸಲ. ಕೈ ತೊಳೆದು ಚೆನ್ನಾಗಿ ಒರೆಸಿ. ಬೆರಳಿಗೆ ಬಾಳೆಹಣ್ಣಿನ ಅಂಟಿದ್ದರೂ ಅಂಕಿ ಸುಳ್ಳೇ ಏರುತ್ತೆ.

ಮುಖ್ಯವಾಗಿ, ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ (ದೇಹದ ಇನ್ಸುಲಿನ್ ಹೆಚ್ಚಿಸುವ ಮಾತ್ರೆ) ತಗೊಳ್ಳುವವರು ಡಾಕ್ಟರನ್ನು ಕೇಳದೆ ಅನ್ನ ಬಿಡಬೇಡಿ. ಔಷಧಿ ಅಷ್ಟೇ ಇದ್ದು ಊಟ ಕಡಿಮೆಯಾದರೆ ಶುಗರ್ 70 mg/dLಗಿಂತ ಕೆಳಗಿಳಿಯಬಹುದು: ನಡುಕ, ಬೆವರು, ತಲೆಸುತ್ತು. ಆಗ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಿರಿ, 15 ನಿಮಿಷಕ್ಕೆ ಮತ್ತೆ ನೋಡಿ. ಜೊತೆಗೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆಯೂ ಇದ್ದರೆ ಸಕ್ಕರೆ ಕರುಳಿನಲ್ಲಿ ಬೇಗ ಒಡೆಯಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.