ನಾಲ್ಕನೇ ಕಾಲಂ

ದಾವಣಗೆರೆ
ಭಾನುವಾರ ಬೆಳಗಿನ ಜಾವ

ಮಗಳೇ,

ನಿನ್ನೆ ರಾತ್ರಿ ನೀನು ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್) ಸ್ಪಾನ್ಸರ್ ಜೊತೆ, ಕುಡಿತ ಬಿಡೋ ದಾರಿಯಲ್ಲಿ ನಿನ್ನ ಕೈ ಹಿಡಿದು ನಡೆಸ್ತಿರೋ ಆ ಅಕ್ಕನ ಜೊತೆ, ಜಗಳ ಮಾಡಿ ಫೋನ್ ಕಟ್ ಮಾಡಿದೆ ಅಂತ ಅವ್ವ ಹೇಳಿದಳು. ನೀನೇ ಅವ್ವನಿಗೆ ಹೇಳಿಕೊಂಡಿದ್ದು. ಆ ಅಕ್ಕ ಯಾರ ಹತ್ರನೂ ಬಾಯಿ ಬಿಟ್ಟಿಲ್ಲ, ಬಿಡುವವರೂ ಅಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಅವರ ಮೇಲೆ ಅನುಮಾನ ಬೇಡ.

ನಿನ್ನ ಸಿಟ್ಟಿನ ಪಟ್ಟಿಯಲ್ಲಿ ಅಪ್ಪನ ಹೆಸರಿನ ಮುಂದೆ ನಾಲ್ಕನೇ ಕಾಲಂ, ಅಂದರೆ ನಿನ್ನ ಪಾಲೇನು ಅನ್ನೋದನ್ನ, ತುಂಬು ಅಂದರಂತೆ. ಒಂಬತ್ತು ವರ್ಷದ ಹುಡುಗಿದೇನು ತಪ್ಪು ಅಂತ ನೀನು ಕೇಳಿದೆಯಂತೆ. ಏನೂ ತಪ್ಪಿಲ್ಲ ತಾಯಿ. ಬೇಕಾದರೆ ಬರೆದು ಸಹಿ ಹಾಕಿ ಕೊಡ್ತೀನಿ. ನಾನು ಕುಡೀತಿದ್ದ ಆ ವರ್ಷಗಳ ಮಾತು ಇಲ್ಲಿ ಎತ್ತಲ್ಲ, ಇಬ್ಬರಿಗೂ ಗೊತ್ತಿರೋದೇ.

ಇವತ್ತಿಗೆ ನೀನು ಕುಡಿತ ಬಿಟ್ಟು 74 ದಿನ. ಅವ್ವ ದಿನಾ ಕ್ಯಾಲೆಂಡರಿನಲ್ಲಿ ಗೀಟು ಹಾಕ್ತಾಳೆ. ನನಗೆಷ್ಟು ಹೆಮ್ಮೆ ಅಂತ ಫೋನಿನಲ್ಲಿ ಹೇಳೋಕೆ ಬರಲ್ಲ.

ನೀನೇ ಕೂತು ಅವಳಿಗೆ ಹೇಳಿಕೊಡು ಅಂತ ಅವ್ವ ನನಗೆ ಅಂತಾಳೆ. ಆಗಲ್ಲ. ಈ ಎ.ಎ. ಪ್ರೋಗ್ರಾಂ ಹುಟ್ಟಿದ್ದೇ 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಒಬ್ಬ ಶೇರು ದಲ್ಲಾಳಿ, ಒಬ್ಬ ಸರ್ಜನ್, ಇಬ್ಬರೂ ಕುಡುಕರೇ, ಎದುರುಬದುರು ಕೂತು ಮಾತಾಡಿದ್ದರಿಂದ. ಕುಡಿದವರ ಮಾತು ಕುಡಿದವರಿಗೇ ತಾಗೋದು, ಸ್ಪಾನ್ಸರ್ ಅನ್ನೋದು ಅದಕ್ಕೇ. ಆದರೆ ಹೆಂಗಸರಿಗೆ ಹೆಂಗಸರೇ ಸ್ಪಾನ್ಸರ್ ಆಗೋದು ರೂಢಿ, ಅದು ಒಳ್ಳೇದು ಕೂಡ. ಮೇಲಾಗಿ ನಿನ್ನ ಪಟ್ಟಿಯಲ್ಲಿ ಹೆಸರಿರುವವನು ಆ ಪಟ್ಟಿ ಕೇಳಿಸಿಕೊಳ್ಳೋದು ಹೇಗೆ?

ಎ.ಎ.ಯ ಹನ್ನೆರಡು ಸ್ಟೆಪ್ಪಿನಲ್ಲಿ ನಾಲ್ಕನೇ ಸ್ಟೆಪ್ ಅಂದರೆ ನಮ್ಮೊಳಗಿನ ದಾಸ್ತಾನು ಲೆಕ್ಕ. ಎ.ಎ.ಯ ಮೂಲ ಪುಸ್ತಕ ಬಿಗ್ ಬುಕ್ ಕೂಡ ಅದನ್ನ ವ್ಯಾಪಾರಕ್ಕೇ ಹೋಲಿಸುತ್ತೆ. ನಮ್ಮ ಚೌಕಿಪೇಟೆ ಬಟ್ಟೆ ಅಂಗಡಿಯವರು ದಾಸ್ತಾನು ತೆಗೆಯುವಾಗ ಇಲಿ ಕಡಿದ ಸೀರೆಯನ್ನೂ ಎಣಿಸ್ತಾರೆ. ಅದನ್ನ ಕಪಾಟಿನ ಹಿಂದೆ ತಳ್ಳಿದವನ ಲೆಕ್ಕ ಎಂದೂ ಕೂಡಲ್ಲ. ಈ ಪತ್ರದ ಜೊತೆ 200 ಪುಟದ ಲಾಂಗ್ ನೋಟ್‌ಬುಕ್ ಇದೆ. ಎದುರುಬದುರು ಪುಟ ಸೇರಿಸಿ ಗೆರೆ ಹಾಕು, ಎಡಕ್ಕೆ ಎರಡು ಕಾಲಂ, ಬಲಕ್ಕೆ ಎರಡು. ಒಂದರಲ್ಲಿ ಯಾರ ಮೇಲೆ ಸಿಟ್ಟು, ಎರಡರಲ್ಲಿ ಯಾಕೆ. ಮೂರರಲ್ಲಿ ನನ್ನ ಯಾವುದಕ್ಕೆ ಪೆಟ್ಟು ಬಿತ್ತು: ಮಾನಕ್ಕೋ, ದುಡ್ಡಿಗೋ, ಆಸೆಗೋ, ಸಂಬಂಧಕ್ಕೋ. ನಾಲ್ಕರಲ್ಲಿ ನನ್ನ ಪಾಲೇನು.

ಅಡ್ಡಕ್ಕೆ ಬರೀಬೇಡ, ಮೇಲಿಂದ ಕೆಳಗೆ ಬರಿ. ಮೊದಲು ಹೆಸರುಗಳೆಲ್ಲ ಮುಗೀಲಿ, ಆಮೇಲೆ ಕಾರಣಗಳು. ಅಡ್ಡಕ್ಕೆ ಹೊರಟವರು ಮೊದಲ ಹೆಸರಲ್ಲೇ ಸಿಕ್ಕಿಕೊಂಡು, ಒಂದು ವಾರ ಅದೇ ಹುಣ್ಣು ಕೆರೆದು, ಪುಸ್ತಕ ಮುಚ್ಚಿಡ್ತಾರೆ. ಎರಡನೇ ಕಾಲಂ ಎರಡೇ ಸಾಲು ಸಾಕು.

ಇನ್ನು ನಾಲ್ಕನೆಯದು. ಬಿಗ್ ಬುಕ್ಕಿನ ಮಾದರಿ ಪಟ್ಟಿಯಲ್ಲಿ ಅಚ್ಚಾಗಿರೋದು ಮೂರೇ ಕಾಲಂ. ನಾಲ್ಕನೆಯದು ಮುಂದಿನ ಪುಟಗಳ ಮಾತಿನೊಳಗಿದೆ: ಎಲ್ಲಿ ಸ್ವಾರ್ಥಿಯಾಗಿದ್ದೆ, ಎಲ್ಲಿ ಸುಳ್ಳಾಡಿದೆ, ಎಲ್ಲಿ ಹೆದರಿದ್ದೆ ಅಂತ ಅಲ್ಲಿ ಕೇಳುತ್ತೆ. ಪಟ್ಟಿ ನೋಡಿ ಮೂರಕ್ಕೇ ನಿಲ್ಲಿಸೋದು ಸುಲಭ. ಮೂರು ಕಾಲಂ ತುಂಬಿದರೆ ಕೈಯಲ್ಲಿ ಉಳಿಯೋದು ಒಂದು ಫಿರ್ಯಾದು. ಓದಿದಷ್ಟೂ ಸಿಟ್ಟು ಹೆಚ್ಚಾಗುತ್ತೆ. ಒಂದು ಸಂಜೆ ಹಸಿದು, ದಣಿದು, ಒಬ್ಬಳೇ ಇದ್ದಾಗ ಆ ಸಿಟ್ಟೇ ಮೊದಲ ಗ್ಲಾಸು ತುಂಬಿಸುತ್ತೆ. ನನ್ನ ಭಯ ಇದೊಂದೇ. ನೀನು ಮೀಟಿಂಗ್ ತಪ್ಪಿಸಿದರೂ ಇಷ್ಟು ಹೆದರ್ತಿರಲಿಲ್ಲ. ಅಪ್ಪ ಅನ್ನೋ ಹೆಸರಿನ ಮುಂದೆ ಆ ಜಾಗ ಖಾಲಿ ಉಳಿದು, ನನ್ನ ಹೆಸರೇ ನಿನಗೆ ಕುಡಿಯೋಕೆ ನೆಪ ಆದರೆ, ನಾನು ನಿನಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ.

ಒಂಬತ್ತು ವರ್ಷದವಳ ಪಾಲು ಸೊನ್ನೆ. ಸೊನ್ನೆ ಅಂತಲೇ ಬರಿ, ನಿನ್ನ ಸ್ಪಾನ್ಸರ್ ಒಪ್ಪುತ್ತಾರೆ. ಅವರು ಕೇಳ್ತಿರೋದು ಇಪ್ಪತ್ತೊಂಬತ್ತರವಳನ್ನ: ಆ ಸಿಟ್ಟನ್ನ ಆಮೇಲೆ ಏನು ಮಾಡಿದೆ? ಅದನ್ನ ಹಿಡಿದು ಯಾರನ್ನ ದೂರ ಇಟ್ಟೆ? ಅವ್ವನಿಗೆ ತಿಂಗಳುಗಟ್ಟಲೆ ಫೋನ್ ಮಾಡದೆ ಯಾರಿಗೆ ಶಿಕ್ಷೆ ಕೊಟ್ಟೆ? ಉತ್ತರ ನನಗೆ ಬೇಡ, ನಿನ್ನ ಪುಸ್ತಕದಲ್ಲಿರಲಿ. ಆದರೆ ಖಾಲಿ ಬಿಡಬೇಡ. ಮತ್ತೆ ಅದೇ ಹೇಳ್ತಿದೀನಿ, ಗೊತ್ತು.

ಐದನೇ ಸ್ಟೆಪ್‌ಗೆ, ಅಂದರೆ ಬರೆದದ್ದನ್ನ ಸ್ಪಾನ್ಸರ್ ಮುಂದೆ ಹೇಳಿಕೊಳ್ಳೋದಕ್ಕೆ, ಮೂರು ನಾಲ್ಕು ಗಂಟೆ ಹಿಡಿಯುತ್ತೆ. ಹೋಟೆಲಲ್ಲಿ ಬೇಡ, ಬಾಗಿಲು ಹಾಕಿಕೊಳ್ಳೋ ಜಾಗ ಇರಲಿ. ಉಂಡು ಹೋಗು. ಮುಗಿದ ಮೇಲೆ ಒಂದು ಗಂಟೆ ಸುಮ್ಮನೆ ಕೂರು, ಏನಾದರೂ ಬಿಟ್ಟೆನಾ ಅಂತ ನೋಡು. ಅವತ್ತು ನಮಗೆ ಫೋನ್ ಮಾಡೋದು ಬೇಡ. ಯಾರಿಗೂ ಕ್ಷಮೆ ಕೇಳಿ ಮೆಸೇಜ್ ಹಾಕಬೇಡ; ಅದು ಒಂಬತ್ತನೇ ಸ್ಟೆಪ್, ಅದರಲ್ಲೂ ಇನ್ನೊಬ್ಬರಿಗೆ ನೋವಾಗೋ ಹಾಗಿದ್ದರೆ ಕೇಳೋ ಹಾಗಿಲ್ಲ.

ದೇವರ ಮೇಲೆ ನಂಬಿಕೆ ಇಲ್ಲ ಅಂದಿದ್ದೆ. ‘ನಾವು ಅರಿತಂತೆ’ ಅನ್ನೋ ಮಾತು ಮೂರನೇ ಸ್ಟೆಪ್ಪಿನಲ್ಲೂ ಹನ್ನೊಂದರಲ್ಲೂ ಇದೆ. ಅವ್ವನಿಗೆ ಇಷ್ಟಲಿಂಗ. ನಿನಗೆ ಸದ್ಯಕ್ಕೆ ಮೀಟಿಂಗಿನ ಆ ಹತ್ತು ಕುರ್ಚಿ ಸಾಕು.

ಬಯ್ಯಬೇಡ, ಇನ್ನೊಂದು ಹೇಳಲೇಬೇಕು. ಡಾಕ್ಟರ್ ಕೊಟ್ಟ ಮಾತ್ರೆಯನ್ನ ಡಾಕ್ಟರ್ ಹೇಳದೆ ಬಿಡಬೇಡ, ಸ್ಪಾನ್ಸರ್ ಹೇಳಿದರೂ. ಜಾರಿದೆ ಅಂತಿಟ್ಟುಕೋ, ನಾಲ್ಕು ದಿನ ಕುಡಿದೆ. ಆಗ ರೂಮಿನ ಬಾಗಿಲು ಹಾಕಿಕೊಂಡು ಒಬ್ಬಳೇ ಬಿಡೋಕೆ ಹೋಗಬೇಡ. ಕುಡಿಯೋದು ನಿಲ್ಲಿಸಿದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು ಶುರುವಾಗುತ್ತೆ. ಫಿಟ್ಸ್ ಬಂದರೆ ಹೆಚ್ಚಾಗಿ ಮೊದಲ ಎರಡು ದಿನದಲ್ಲಿ. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಭ್ರಮೆ, ಜ್ವರ, ಎದುರಿಗಿದ್ದವರ ಗುರುತೇ ಹತ್ತದಿರೋದು. ಅದರಲ್ಲಿ ಜೀವ ಹೋಗಬಹುದು. ಸೀದಾ ಆಸ್ಪತ್ರೆಗೆ ಹೋಗು, ಎಷ್ಟು ಕುಡಿದೆ ಅಂತ ನಿಜ ಹೇಳು. ನಾಚಿಕೆ ಆಮೇಲೆ ಪಡೋಣ, ಇಬ್ಬರೂ ಸೇರಿ.

ಸ್ಪಾನ್ಸರ್ ಹೊಂದಲಿಲ್ಲ ಅಂದರೆ ಬದಲಾಯಿಸಬಹುದು, ಅವಮಾನ ಏನಿಲ್ಲ. ಸಿಟ್ಟಿನಲ್ಲಿ ಬೇಡ ಅಷ್ಟೇ. ಇವತ್ತು ಸಂಜೆ ಆರಕ್ಕೆ ಮುಂಚೆ ಅವರಿಗೆ ಫೋನ್ ಮಾಡು. ನಿನ್ನೆ ಫೋನ್ ಕಟ್ ಮಾಡಿದ್ದು ತಪ್ಪು, ಬರೀತಿದೀನಿ ಅನ್ನು. ಅಷ್ಟೇ ಸಾಕು.

ಮಂಡಕ್ಕಿ ಡಬ್ಬಿಯ ಕೆಳಗೆ ನೋಟ್‌ಬುಕ್ ಇಟ್ಟಿದೀನಿ. ಮೊದಲ ಪುಟಕ್ಕೆ ಗೆರೆ ನಾನೇ ಹಾಕಿದೆ, ನಾಲ್ಕನೆಯದನ್ನ ಸ್ವಲ್ಪ ಅಗಲ ಮಾಡಿ. ಮೊದಲ ಸಾಲಿನಲ್ಲಿ ‘ಅಪ್ಪ’ ಅಂತಲೂ ನಾನೇ ಬರೆಯೋಣ ಅಂತ ಪೆನ್ನು ತೆಗೆದೆ. ಆಮೇಲೆ ಬಿಟ್ಟೆ, ಪುಸ್ತಕ ನಿನ್ನದು.

ಇಂತಿ,
ನಿನ್ನ ಅಪ್ಪ