ಅಳಿಸಿದ ಅಂಕೆ ಮೇಲೆ ಪೆನ್ನು ಆಡಿಸಬೇಡ

ದಾವಣಗೆರೆ
29 ಸೆಪ್ಟೆಂಬರ್ 2019, ಭಾನುವಾರ

ಪ್ರೀತಿಯ ಪುಟ್ಟಿ,

ಹೋದ ಭಾನುವಾರ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ನೀನೂ ಮಾಡಲಿಲ್ಲ. ಅಮ್ಮನ ಜೊತೆ ದಿನಾ ಮಾತಾಡುತ್ತೀಯ, ಅಡುಗೆಮನೆಯಿಂದ ಕೇಳಿಸುತ್ತದೆ. ನನ್ನ ಹೆಸರು ಬಂದರೆ ಅವಳು ದನಿ ತಗ್ಗಿಸುತ್ತಾಳೆ. ಇವತ್ತು ನವರಾತ್ರಿ ಶುರು, ಅಂಗಡಿಗೆ ರಜೆ. ಬಾಗಿಲು ಅರ್ಧ ಎಳೆದುಕೊಂಡು ಒಬ್ಬನೇ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ಫೋನಿನಲ್ಲಿ ನನಗೆ ಸರಿಯಾಗಿ ಮಾತಾಡಲು ಬರುವುದಿಲ್ಲ, ನಿನಗೆ ಗೊತ್ತು.

ನೀನು ಸಿಟ್ಟಾದದ್ದು ಸರಿ. ಐರ್ಲೆಂಡಿನ ಡಬ್ಲಿನ್‌ನಲ್ಲಿ ನಿನ್ನ ಬೈಕಿಗೆ ಟ್ಯಾಕ್ಸ್ ಕಟ್ಟಿದ್ದೀಯ. ವರ್ಷಕ್ಕೆ 88 ಯೂರೋ, ಜೂನ್‌ನಲ್ಲೇ ಕಟ್ಟಿದೆ, ಅವತ್ತು ನನಗೂ ಹೇಳಿದ್ದೆ. ಟ್ಯಾಕ್ಸ್ ಕಟ್ಟಿದ ಗುರುತಿಗೆ ಅವರು ಅಂಚೆಯಲ್ಲಿ ಕಳಿಸಿದ ಡಿಸ್ಕನ್ನು, ಅಂದರೆ ಗಾಡಿಯ ಮೇಲೆ ಕಾಣುವ ಹಾಗೆ ಹಾಕಬೇಕಾದ ದುಂಡು ಕಾಗದವನ್ನು, ಬೈಕಿನ ಹೋಲ್ಡರಿನಲ್ಲಿ ಹಾಕಿಯೂ ಇದ್ದೆ. ಹೋಲ್ಡರಿನ ಒಳಗೆ ಮಳೆ ನೀರು ಹೋಗಿ ಅಕ್ಷರ ಕರಗಿತು. ನೈಟ್ ಡ್ಯೂಟಿ ಮುಗಿಸಿ ಬೆಳಗ್ಗೆ ಬಂದು ನೋಡಿದರೆ ಡಿಸ್ಕ್ ತೋರಿಸಿಲ್ಲ ಅಂತ ನೋಟಿಸು, 60 ಯೂರೋ ದಂಡ. ಇದರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಕೇಳುತ್ತೇನೆ, ಅರ್ಜಿ ಹಾಕುತ್ತೇನೆ ಅಂತ ನೀನು ಅಂದೆ. ನಾನು ಬೇಡ ಅಂದೆ. ಕಟ್ಟಿಬಿಡು, ಉಸಾಬರಿ ಬೇಡ, ಪರದೇಶದಲ್ಲಿ ಇದ್ದೀಯ ಅಂದೆ. ಆಗ ನೀನು, “ಅಪ್ಪಾಜಿ, ಊರವರಿಗೆಲ್ಲ ಅರ್ಜಿ ಬರೆದುಕೊಡ್ತೀರಿ, ನನಗೆ ಮಾತ್ರ ಸುಮ್ನಿರು ಅಂತೀರಿ” ಅಂದೆ.

ಆ ಮಾತು ಒಂದು ವಾರದಿಂದ ನನ್ನ ಜೊತೆ ಮಲಗಿ ಎದ್ದಿದೆ.

ನಾನು ಯಾಕೆ ಹಾಗೆ ಹೇಳಿದೆ ಅಂತ ಹೇಳಬೇಕು. 4,700 ರೂಪಾಯಿ ದೊಡ್ಡದಲ್ಲ ಅಂತ ಅಲ್ಲ. ವೀಸಾಕ್ಕೆ ಏನಾದರೂ ಆದೀತು ಅನ್ನುವ ಭಯ ಇತ್ತು, ಈಗಲೂ ಇದೆ. ಆದರೆ ಅದಕ್ಕಿಂತ ಮೊದಲು ನೀನು ನಗುತ್ತಾ ಒಂದು ಮಾತು ಅಂದೆ. “ಅಳಿಸಿದ ಅಂಕೆ ಮೇಲೆ ಪೆನ್ನು ಆಡಿಸಿ ಮತ್ತೆ ಹಾಕಿಬಿಡ್ತೀನಿ” ಅಂದೆ. ಅಲ್ಲಿಂದ ಮುಂದೆ ನೀನು ಹೇಳಿದ್ದು ಏನೂ ನನ್ನ ಕಿವಿಗೆ ಹೋಗಲಿಲ್ಲ. ನನಗೆ ನಮ್ಮ ಹಳೆಯ ಗಾಡಿ ಎಮ್ಮೆಯ್ಟಿ (ಬಜಾಜ್ ಎಂ80) ನೆನಪಾಯಿತು.

2001ರ ಆಷಾಢ. ನಿನಗೆ ಎಂಟು ವರ್ಷ. ಹರಿಹರಕ್ಕೆ ಅಜ್ಜಿ ಮನೆಗೆ ಹೊರಟಿದ್ದೆವು, ಹದಿನಾಲ್ಕು ಕಿಲೋಮೀಟರ್. ನೀನು ಮುಂದೆ ನಿಂತಿದ್ದೆ, ಹ್ಯಾಂಡಲ್ ಹಿಡಿದುಕೊಂಡು. ಪಿ.ಬಿ. ರಸ್ತೆಯಲ್ಲಿ ಗಾಡಿ ನಿಲ್ಲಿಸಿದರು. ನನ್ನ ಹತ್ತಿರ ಎಲ್ಲ ಕಾಗದ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟಿದ್ದೆ. ಆದರೆ ಕವರಿಗೆ ತೂತಾಗಿತ್ತು. ಟ್ಯಾಕ್ಸ್ ಕಟ್ಟಿದ ಕಾಗದ ಒದ್ದೆಯಾಗಿ, ಗಾಡಿ ನಂಬರಿನ ಕೊನೆಯ ಅಂಕೆಗಳು ನೀಲಿ ಕಲೆಯಾಗಿದ್ದವು. ಓದಲು ಬಾರದ ಕಾಗದ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅಂದರು. ಕೀ ತೆಗೆದುಕೊಂಡರು.

ಅವತ್ತು ನಾನು ಏನು ಮಾಡಿದೆ ಅಂತ ನಿನಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ನಾನು ಕೈ ಮುಗಿದೆ. ಸ್ವಾಮಿ, ಮಗು ಜೊತೆಗಿದೆ, ಬಿಡಿ ಅಂದೆ. ಟ್ಯಾಕ್ಸ್ ಕಟ್ಟಿದ್ದೇನೆ, ನಾಳೆ ಬೇಕಾದರೆ ದಾಖಲೆ ತೆಗೆಸಿ ತೋರಿಸುತ್ತೇನೆ ಅನ್ನುವ ಮಾತು ನನ್ನ ಬಾಯಿಂದ ಬರಲೇ ಇಲ್ಲ. ದಿನಕ್ಕೆ ಹತ್ತು ಅರ್ಜಿ ಬರೆಯುವ ಮನುಷ್ಯ ನಾನು. ನೂರು ರೂಪಾಯಿ ಕೊಟ್ಟೆ. ರಸೀದಿ ಕೇಳಲಿಲ್ಲ. ನೀನು ಕವರ್ ಎದೆಗೆ ಒತ್ತಿಕೊಂಡು ನಿಂತು ನನ್ನನ್ನೇ ನೋಡುತ್ತಿದ್ದೆ. ಮತ್ತೆ ಗಾಡಿ ಹತ್ತಿದ ಮೇಲೆ, “ಅಪ್ಪಾಜಿ, ನಮ್ಮದು ತಪ್ಪಿತ್ತಾ?” ಅಂತ ಕೇಳಿದೆ. ನಾನು ಮಳೆಯ ನೆಪದಲ್ಲಿ ಕೇಳಿಸದವನ ಹಾಗೆ ಇದ್ದೆ. ಹರಿಹರ ಮುಟ್ಟುವವರೆಗೂ ಹಾಗೇ ಇದ್ದೆ.

ಆಮೇಲೆ ನಡೆದದ್ದನ್ನು ನಾವಿಬ್ಬರೂ ಯಾವತ್ತೂ ಆಡಿಲ್ಲ. ಅವತ್ತು ರಾತ್ರಿ ನೀನು ಆ ಕಾಗದವನ್ನು ಅಜ್ಜಿಯ ಒಲೆ ಹತ್ತಿರ ಒಣಗಿಸಿ, ನೀಲಿ ಪೆನ್ನು ತಗೊಂಡು, ಅಳಿಸಿದ ಅಂಕೆಗಳನ್ನು ಒಂದೊಂದಾಗಿ ತಿದ್ದಿ ಬರೆದೆ. ಗಾಡಿಯ ನಂಬರ್ ಪ್ಲೇಟ್ ನೋಡಿಕೊಂಡು ಬಂದು ಬರೆದಿದ್ದೆ, ಒಂದು ಅಂಕೆಯೂ ತಪ್ಪಿರಲಿಲ್ಲ. “ಈಗ ಓದಬಹುದು ಅಪ್ಪಾಜಿ” ಅಂತ ತಂದು ತೋರಿಸಿದೆ. ನಾನು ಹೊಡೆದೆ. ಸರ್ಕಾರಿ ಕಾಗದದ ಮೇಲೆ ಗೀಚುತ್ತೀಯಾ, ನನ್ನನ್ನು ಜೈಲಿಗೆ ಕಳಿಸುತ್ತೀಯಾ ಅಂತ ಕೂಗಿದೆ. ಅಜ್ಜಿ ಅಡ್ಡ ಬಂದಳು. ನೀನು ಅಳಲಿಲ್ಲ. ಪೆನ್ನಿಗೆ ಕ್ಯಾಪ್ ಹಾಕಿ, ಒಳಗೆ ಹೋಗಿ ಮಲಗಿದೆ.

ಆ ಏಟು ನಿನಗೆ ಬೀಳಬೇಕಾದದ್ದಲ್ಲ ಪುಟ್ಟಿ. ರಸ್ತೆಯಲ್ಲಿ ಬಾಯಿ ಬರದೇ ಹೋದದ್ದು ನನಗೆ. ಆ ಸಿಟ್ಟನ್ನು ಎಂಟು ವರ್ಷದ ಮಗುವಿನ ಮೇಲೆ ತೀರಿಸಿಕೊಂಡೆ. ಹದಿನೆಂಟು ವರ್ಷ ಆಯಿತು, ತಪ್ಪಾಯಿತು ಅಂತ ಒಂದು ಸಲವೂ ಹೇಳಿಲ್ಲ. ಈಗ ಹೇಳುತ್ತಿದ್ದೇನೆ. ತಪ್ಪಾಯಿತು.

ಆ ಕಾಗದ ಈಗಲೂ ಇದೆ. ಗಾಡಿ ಮಾರುವಾಗ ಬೇರೆ ನಕಲು ತೆಗೆಸಿ ಕೊಟ್ಟೆ, ಇದನ್ನು ಕೊಡಲಿಲ್ಲ. ನಿನ್ನ 7 ಆಗಲೂ ಹೀಗೇ, ನಡುವೆ ಒಂದು ಅಡ್ಡಗೆರೆ ಹಾಕುತ್ತಿದ್ದೆ.

ಸರಿ, ಈಗ ನಿನ್ನ ವಿಷಯ. ಮೊದಲನೆಯದು, ಆ ಡಿಸ್ಕಿನ ಮೇಲೆ ಪೆನ್ನು ಮುಟ್ಟಿಸಬೇಡ. ನೀನು ತಮಾಷೆಗೆ ಅಂದಿರಬಹುದು, ಆದರೂ ಹೇಳುತ್ತೇನೆ. ಕಾಗದ ತೋರಿಸದೇ ಇರುವುದು ಸಣ್ಣ ತಪ್ಪು, ತಿದ್ದುವುದು ಬೇರೆಯೇ ತಪ್ಪು. ಒದ್ದೆ ಡಿಸ್ಕೇ ನಿನ್ನ ಸಾಕ್ಷಿ. ಹೇಗಿದೆಯೋ ಹಾಗೇ ಹೋಲ್ಡರಿನ ಒಳಗಿರುವಾಗ ಒಂದು ಫೋಟೋ, ಹೊರಗೆ ತೆಗೆದು ಒಂದು ಫೋಟೋ, ರಬ್ಬರ್ ಎಲ್ಲಿ ಹರಿದು ನೀರು ಹೋಗಿದೆ ಅನ್ನುವುದಕ್ಕೆ ಒಂದು ಫೋಟೋ ತೆಗೆ. ನಂಬರ್ ಪ್ಲೇಟೂ ಕಾಣುವ ಹಾಗೆ ಇನ್ನೊಂದು.

ಎರಡನೆಯದು, ಆರೋಪಕ್ಕೆ ಉತ್ತರ ಕೊಡು. ನನ್ನ ಮೇಜಿನ ಮುಂದೆ ಕೂತವರಲ್ಲಿ ಮುಕ್ಕಾಲು ಪಾಲು ಮಂದಿ ಇಲ್ಲೇ ಎಡವುತ್ತಾರೆ. ಕೇಳಿದ್ದು ಒಂದು, ಹೇಳುವುದು ಇನ್ನೊಂದು. ನಾನು ಟ್ಯಾಕ್ಸ್ ಕಟ್ಟಿದ್ದೇನೆ, ನಾನು ಟ್ಯಾಕ್ಸ್ ಕಟ್ಟಿದ್ದೇನೆ ಅಂತ ನೀನು ಫೋನಿನಲ್ಲಿ ನಾಲ್ಕು ಸಲ ಅಂದೆ. ಕಟ್ಟಿಲ್ಲ ಅಂತ ಅವರು ಹೇಳಿಯೇ ಇಲ್ಲವಲ್ಲ. ತೋರಿಸಿಲ್ಲ ಅಂದಿದ್ದಾರೆ. ಕಟ್ಟಿದ್ದಕ್ಕೆ ರಸೀದಿ ಲಗತ್ತಿಸು, ಆದರೆ ಅಲ್ಲಿಗೇ ನಿಲ್ಲಿಸಬೇಡ. ಡಿಸ್ಕ್ ಹೋಲ್ಡರಿನಲ್ಲಿ ಇತ್ತು, ಮಳೆ ನೀರಿನಿಂದ ಅಕ್ಷರ ಕರಗಿದೆ, ಅದು ನನ್ನ ಗಮನಕ್ಕೆ ಬಂದಿರಲಿಲ್ಲ, ಇಗೋ ಫೋಟೋ, ಬದಲಿ ಡಿಸ್ಕಿಗೆ ಅರ್ಜಿ ಕೊಟ್ಟಿದ್ದೇನೆ, ದಯವಿಟ್ಟು ನೋಟಿಸು ರದ್ದು ಮಾಡಿ. ಅಷ್ಟೇ. ಒಂದು ಪುಟ ದಾಟಬಾರದು. ಬದಲಿ ಡಿಸ್ಕಿಗೆ ಆರ್‌ಎಫ್134 ಅನ್ನುವ ಫಾರ್ಮ್ ಇದೆ ಅಂತ ಹುಡುಕಿ ನೋಡಿದೆ. ಅದನ್ನು ಮೊದಲು ಕೊಡು, ಆಮೇಲೆ ಅರ್ಜಿ ಬರೆ. ಸರಿಪಡಿಸಿಕೊಂಡು ಬಂದವನ ಮಾತನ್ನು ಸ್ವಲ್ಪವಾದರೂ ಕೇಳುತ್ತಾರೆ.

ನೀನು ಹೇಳಿದ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ನ್ಯೂರಿ ಊರಿನ ವಿಷಯ ಅರ್ಜಿಯಲ್ಲಿ ಹಾಕಬೇಡ. ನಿಮ್ಮ ಡಬ್ಲಿನ್‌ನಿಂದ ನೂರು ಕಿಲೋಮೀಟರ್ ಆಚೆ ಗಡಿ ದಾಟಿದರೆ ಡಿಸ್ಕೇ ಬೇಡ, ಬ್ರಿಟನ್ನಿನವರು 2014ರ ಅಕ್ಟೋಬರ್‌ನಲ್ಲೇ ಆ ಕಾಗದ ತೆಗೆದುಹಾಕಿದರು, ಎಲ್ಲ ಕಂಪ್ಯೂಟರಿನಲ್ಲೇ ನೋಡುತ್ತಾರೆ ಅಂದೆಯಲ್ಲ. ನಿಜ. ನಮ್ಮಲ್ಲೂ ಹೋದ ವರ್ಷದಿಂದ ಡಿಜಿಲಾಕರ್‌ನಲ್ಲಿ ಆರ್‌ಸಿ, ಲೈಸೆನ್ಸು ತೋರಿಸಿದರೆ ಒಪ್ಪಬೇಕು ಅಂತ ಮಾಡಿದ್ದಾರೆ. ಪಕ್ಕದ ಅಂಗಡಿ ಹುಡುಗ ಮೊಬೈಲು ತೋರಿಸಿಯೇ ಓಡಾಡುತ್ತಾನೆ. ಆದರೆ ನೀನಿರುವ ಕಡೆ ಕಾಗದ ಕಾಣಬೇಕು ಅನ್ನುವುದೇ ಕಾನೂನು. ಕಾನೂನು ಬದಲಾಗಬೇಕು ಅನ್ನುವುದು ಒಂದು ಅರ್ಜಿ, ನನ್ನ ದಂಡ ಬಿಡಿ ಅನ್ನುವುದು ಇನ್ನೊಂದು ಅರ್ಜಿ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದರೆ ಎರಡೂ ಕೆಡುತ್ತವೆ. ನೋಟಿಸು ಕೊಟ್ಟವರ ಬಗ್ಗೆಯೂ ಒಂದು ಕೆಟ್ಟ ಮಾತು ಬೇಡ. ಬೆಳಗಿನ ಜಾವ ಮಳೆಯಲ್ಲಿ ನಿಂತು ಕೆಲಸ ಮಾಡುವವರು ಅವರು, ನಿನ್ನ ಹಾಗೇ.

ದಿನದ ಲೆಕ್ಕ ಮರೆಯಬೇಡ. ನೋಟಿಸಿನ ತಾರೀಖು ಸೆಪ್ಟೆಂಬರ್ 16. 28 ದಿನ ಅಂದರೆ ಅಕ್ಟೋಬರ್ 14. ಅದು ದಾಟಿದರೆ 60 ಇದ್ದದ್ದು 90 ಆಗುತ್ತದೆ, ಅದಕ್ಕೆ ಮತ್ತೆ 28 ದಿನ, ಆಮೇಲೆ ಕೋರ್ಟು. ಅರ್ಜಿ ಹಾಕಿದೆ ಅಂತ ಆರಾಮವಾಗಿ ಕೂರಬೇಡ. ಈ ವಾರವೇ ಕಳಿಸು, ಕಳಿಸಿದ್ದಕ್ಕೆ ಅಂಚೆ ಕಚೇರಿಯ ಚೀಟಿ ಇಟ್ಟುಕೊ, ಅರ್ಜಿಯ ಒಂದು ಪ್ರತಿ ನಿನ್ನ ಹತ್ತಿರ ಇರಲಿ. ಒಪ್ಪದಿದ್ದರೆ ಏನು ಮಾಡಬೇಕು ಅನ್ನುವುದು ನಿನಗೆ ಬಿಟ್ಟದ್ದು. ಕೋರ್ಟಿಗೆ ಹೋಗುತ್ತೇನೆ ಅಂದರೂ ನಾನು ಅಡ್ಡ ಬರುವುದಿಲ್ಲ. ಹೆದರಿಕೆ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಅಡ್ಡ ಬರುವುದಿಲ್ಲ.

ಇಲ್ಲಿ ಈ ತಿಂಗಳೆಲ್ಲ ದಂಡದ್ದೇ ಮಾತು. ಒಂದನೇ ತಾರೀಖಿನಿಂದ ಹೊಸ ಕಾನೂನು ಬಂದು ಹೆಲ್ಮೆಟ್ ಇಲ್ಲದಿದ್ದರೆ 1,000 ಆಗಿತ್ತು, ಈಗ ನಮ್ಮ ರಾಜ್ಯದಲ್ಲಿ 500ಕ್ಕೆ ಇಳಿಸಿದ್ದಾರೆ. ಎಮಿಷನ್ ಟೆಸ್ಟಿಗೆ ಬೆಳಗ್ಗೆಯೇ ಸಾಲು. ಅಂಗಡಿಗೆ ಬರುವವರೆಲ್ಲ ಹಳೆಯ ಇನ್ಶೂರೆನ್ಸು, ಆರ್‌ಸಿ ಜೆರಾಕ್ಸ್ ಮಾಡಿಸುತ್ತಿದ್ದಾರೆ. ನಿನ್ನೆ ಒಬ್ಬ ಹುಡುಗ ಬಂದಿದ್ದ, ಹದಿನೆಂಟು ಹತ್ತೊಂಬತ್ತು ಇರಬೇಕು. ಕಾಗದವೆಲ್ಲ ಸರಿ ಇತ್ತು, ಆದರೂ ಹೇಗೆ ಕೇಳುವುದು ಅಂತ ಗೊತ್ತಾಗದೆ ದಂಡ ಕಟ್ಟಿ ಬಂದಿದ್ದ. ಕೂರಿಸಿಕೊಂಡು ಅರ್ಜಿ ಬರೆದುಕೊಟ್ಟೆ, ದುಡ್ಡು ತಗೊಳ್ಳಲಿಲ್ಲ. ಬರೆಯುವಾಗ ನಿನ್ನ ಮಾತೇ ತಲೆಯಲ್ಲಿತ್ತು.

ನೀನು ಬೈಕ್ ತಗೊಂಡೆ ಅಂದಾಗ ನಾನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಆದರೆ ಅಂಗಡಿಗೆ ಬಂದವರಿಗೆಲ್ಲ ಫೋಟೋ ತೋರಿಸಿದೆ, ಅದನ್ನು ಅಮ್ಮ ನಿನಗೆ ಹೇಳಿರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಮುಂದೆ ನಿಂತು ಹ್ಯಾಂಡಲ್ ಹಿಡಿದವಳು ಡಬ್ಲಿನ್‌ನಲ್ಲಿ ಸ್ವಂತ ದುಡಿಮೆಯ ಗಾಡಿಯಲ್ಲಿ ಆಸ್ಪತ್ರೆಗೆ ಹೋಗುತ್ತಾಳೆ ಅಂತ. ಮಳೆಯಲ್ಲಿ ನಿಧಾನ ಹೋಗು. ರಾತ್ರಿಯೆಲ್ಲ ನಿಂತು ಕೆಲಸ ಮಾಡಿ ಬೆಳಗ್ಗೆ ಕಣ್ಣು ಎಳೆಯುವಾಗ ಗಾಡಿ ಹತ್ತಬೇಡ, ಬಸ್ಸಿನಲ್ಲಿ ಬಾ, ಗಾಡಿ ಅಲ್ಲೇ ಇರಲಿ. ಕೈಗವಸು ಒದ್ದೆ ಇದ್ದರೆ ಹಾಕಿಕೊಳ್ಳಬೇಡ. ಜಾಸ್ತಿ ಹೇಳುತ್ತಿದ್ದೇನೆ, ಗೊತ್ತು.

ಅರ್ಜಿ ನೀನೇ ಬರೆ. ನಿನ್ನ ಇಂಗ್ಲಿಷ್ ನನಗಿಂತ ಎಷ್ಟೋ ಚೆನ್ನಾಗಿದೆ. ಕಳಿಸುವ ಮೊದಲು ಒಂದು ಸಲ ನನಗೆ ಓದಿ ಹೇಳು ಅಂತ ಕೇಳಬಹುದಾ? ನಿನಗೆ ಬೇಡ ಅನ್ನಿಸಿದರೆ ಬೇಡ.

ಮುಂದಿನ ಸೋಮವಾರ ಆಯುಧ ಪೂಜೆ. ಅಮ್ಮ ಈಗಲೇ ಕುಂಬಳಕಾಯಿ ತರಿಸಿದ್ದಾಳೆ. ನಿನ್ನ ಗಾಡಿಗೂ ಒಂದು ಹೂವು ಇಡು, ಚಕ್ರದ ಕೆಳಗೆ ನಿಂಬೆಹಣ್ಣು ಇಡು, ಅಲ್ಲಿ ಸಿಗುತ್ತದೆ ಅಲ್ವಾ? ಹೋಲ್ಡರ್ ಹೊಸದು ಹಾಕಿಸಿ, ರಬ್ಬರ್ ಗಟ್ಟಿಯಾಗಿ ಕೂತಿದೆಯಾ ಅಂತ ನೀರು ಹಾಕಿ ನೋಡಿ, ಆಮೇಲೆ ನನಗೊಂದು ಫೋಟೋ ಕಳಿಸು.

ನಿನ್ನ
ಅಪ್ಪಾಜಿ