ಮಮ್ಮಿಯ ಶಾಪ ಸಾಕು, ಆ ವೈದ್ಯರ ಬಗ್ಗೆ ಬರೆಯಿರಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ಈಜಿಪ್ಟಿನ ಮಮ್ಮಿಗಳ ಲೇಖನ ಓದಿದೆ. ಶಾಪ, ಚಿನ್ನ, ಗೋರಿಯ ರಹಸ್ಯಕ್ಕೇ ಮುಕ್ಕಾಲು ಪುಟ ಹೋಗಿದೆ. ಹೆಣ ಕೊಯ್ದು ಕೊಯ್ದೇ ಅವರು ವೈದ್ಯ ಕಲಿತರು ಅಂತ ಕೊನೆಗೆ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಸರ್ಜರಿ ವಾರ್ಡಿನಲ್ಲಿ ನರ್ಸ್ ಆಗಿರುವ ನನಗೆ ಆ ಸಾಲು ಒಪ್ಪಿಗೆಯಾಗಲಿಲ್ಲ.

ಹೆಣ ಕೆಡದಂತೆ ಕಾಪಾಡುವುದು ಬೇರೆಯೇ ಕಸುಬು. ಎಡಪಕ್ಕೆಯ ಕೆಳಗೆ ಒಂದು ಸೀಳು. ಅದರೊಳಗೆ ಕೈ ಹಾಕಿ ಕರುಳು, ಜಠರ, ಲಿವರ್, ಶ್ವಾಸಕೋಶ ತೆಗೆಯುತ್ತಿದ್ದರು. ಆಮೇಲೆ ಸುಮಾರು 40 ದಿನ ದೇಹವನ್ನು ನೇಟ್ರಾನ್‌ನಲ್ಲಿ ಮುಚ್ಚಿಡುತ್ತಿದ್ದರು. ಅದು ವಾಡಿ ನಟ್ರೂನ್ ಕಣಿವೆಯಲ್ಲಿ ಸಿಗುವ, ಸೋಡಾ ಬೆರೆತ ಉಪ್ಪು. ಮೈಯ ನೀರನ್ನೆಲ್ಲ ಅದು ಹೀರಿದ ಮೇಲೆ ಬ್ಯಾಕ್ಟೀರಿಯಾ ಬದುಕುವುದೆಲ್ಲಿ? ದೊಡ್ಡ ವಿದ್ಯೆಯೇ ಅದು. ಆದರೆ ಮೂಗಿನಿಂದ ಹೊರತೆಗೆದ ಮಿದುಳನ್ನು ಮಾತ್ರ ಅವರು ಉಳಿಸಿಕೊಳ್ಳುತ್ತಿರಲಿಲ್ಲ.

ಅದೇ ಮಿದುಳನ್ನು ಅಲ್ಲಿನ ವೈದ್ಯರು ನೋಡಿದ ರೀತಿಯೇ ಬೇರೆ. ಕ್ರಿ.ಪೂ. 1600ರ ಸುಮಾರಿನ ಎಡ್ವಿನ್ ಸ್ಮಿತ್ ಪಪೈರಸ್ ಎಂಬ ಈಜಿಪ್ಟಿನ ವೈದ್ಯಕೀಯ ಸುರುಳಿಯಲ್ಲಿ 48 ಕೇಸುಗಳಿವೆ. ತಲೆಯಿಂದ ಶುರುವಾಗಿ ಕೆಳಕ್ಕೆ ಬರುತ್ತವೆ. ಹೆಚ್ಚಿನವು ಗಾಯ, ಮೂಳೆ ಮುರಿತ. ಒಡೆದ ತಲೆಬುರುಡೆಯೊಳಗೆ ಬೆರಳಿಟ್ಟರೆ ಹಸುಗೂಸಿನ ನೆತ್ತಿಯ ಹಾಗೆ ಮಿಡಿಯುತ್ತದೆ ಎಂದು ಬರೆದಿದ್ದಾರೆ. ಮುಟ್ಟಿ ನೋಡಿದವರಷ್ಟೇ ಬರೆಯಬಹುದಾದ ಮಾತು. ಅದೂ ಬದುಕಿರುವವನ ತಲೆ!

31ನೇ ಕೇಸ್ ಓದಿ ನಾನು ಬೆರಗಾದೆ. ಕತ್ತಿನ ಮೂಳೆ ಜಾರಿದವನದು. ಕೈಕಾಲು ಇರುವುದೇ ಅವನಿಗೆ ತಿಳಿಯುವುದಿಲ್ಲ, ಗೊತ್ತಾಗದೆ ಮೂತ್ರ ತೊಟ್ಟಿಕ್ಕುತ್ತದೆ. ಇಂಥ ರೋಗಿಗಳಿಗೆ ನಾನು ಮಗ್ಗುಲು ಬದಲಿಸಿದ್ದೇನೆ, ಕ್ಯಾತಿಟರ್ ಹಾಕಿದ್ದೇನೆ. ಕೇಸ್ ಶೀಟಿನಲ್ಲಿ ಇವತ್ತಿಗೂ ನಾವು ಬರೆಯುವುದು ಅದನ್ನೇ. 'ಇದು ಚಿಕಿತ್ಸೆ ಮಾಡುವಂಥದ್ದಲ್ಲ' ಎಂದು ಆ ವೈದ್ಯರು ಕೊನೆಗೆ ಸೇರಿಸಿದ್ದಾರೆ. ಸುಮ್ನೆ ಆಸೆ ಹುಟ್ಟಿಸಲಿಲ್ಲ. ಈ 48 ಕೇಸುಗಳಲ್ಲಿ ಮಂತ್ರ ಬರುವುದು ಒಂದೇ ಒಂದರಲ್ಲಿ. ಇದೆಲ್ಲ ಪಕ್ಕೆಯ ಸೀಳಿನೊಳಗೆ ಕೈ ಹಾಕಿ ಕಲಿತದ್ದಲ್ಲ, ನರಳುತ್ತಿದ್ದವರ ಪಕ್ಕ ಕೂತು ಕಲಿತದ್ದು ಅಲ್ವಾ?

ಮುಂದಿನ ಸಲ ಚಿನ್ನದ ಮುಖವಾಡದ ಬದಲು ಕೈರೋದ ಮ್ಯೂಸಿಯಂನಲ್ಲಿರುವ ಕಾಲಿನ ಹೆಬ್ಬೆರಳಿನ ಚಿತ್ರ ಹಾಕಿ. ಬೆರಳು ಕಳೆದುಕೊಂಡ ಹೆಂಗಸೊಬ್ಬಳಿಗೆ ಮರ, ತೊಗಲು ಸೇರಿಸಿ ಮಾಡಿದ್ದು. ಅದು ಸವೆದಿದೆ, ಅಂದರೆ ಹಾಕಿಕೊಂಡು ಓಡಾಡಿದ್ದಾಳೆ. ಮಕ್ಕಳ ಪುಟದಲ್ಲೂ ಅದು ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ,
ಸರ್ಜರಿ ವಾರ್ಡಿನ ಒಬ್ಬ ನರ್ಸ್